ತಿರುಗಲೊಲ್ಲದ ಲಾರಿ

ಈಚಿನ ವರ್ಷಗಳಲ್ಲಿ ನಮ್ಮ ಮನೆಗಳ ಚಾವಡಿಗೆ ಹೊಸತೊಂದು ವಾಹನವು ಬಂದು ಸೇರಿರುವುದನ್ನು ವಾಚಕರು ಕಂಡೇ ಇರುವರು. ಎತ್ತಿಲ್ಲ, ಹಗ್ಗವಿಲ್ಲ, ಒಳಗೆ ಕುಳಿತು ನಡೆಸುವ ಸಾರಥಿಯೂ ಇಲ್ಲ. ದೂರದಲ್ಲಿ ನಿಂತ ಬಾಲಕನ ಬೆರಳಿನ ಆಜ್ಞೆಗೆ ಒಳಪಟ್ಟು ಓಡಾಡುವ ಆಟದ ಲಾರಿ ಅದು. ರೇಡಿಯೋ ತರಂಗಗಳಿಂದ ನಡೆಯತಕ್ಕ ಈ ಯಂತ್ರಕ್ಕೆ ಮಕ್ಕಳು 'ರಿಮೋಟ್ ಲಾರಿ' ಎಂದು ಹೆಸರಿಟ್ಟಿರುವರು. ಮುಂಬಯಿಯಿಂದಲೋ ದುಬಾಯಿಯಿಂದಲೋ ರಜೆಗೆ ಬರುವ ಬಂಧುಗಳು ಇದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ತರುವರು. ಮೊದಲ ದಿನ ಮನೆಯೆಲ್ಲ ಸಂಭ್ರಮ. ಎರಡನೆಯ ದಿನ ಗೊಣಗಾಟ ಮೊದಲಾಗುವುದು. ನೇರವಾಗಿ ಓಡುವುದರಲ್ಲಿ ಲಾರಿಗೆ ಯಾವ ಕೊರತೆಯೂ ಇಲ್ಲ. ಆದರೆ ತಿರುಗೆಂದರೆ ಅದು ತಿರುಗಲೊಲ್ಲದು. ಚಾವಡಿಯ ಈ ಗೋಡೆಯಿಂದ ಆ ಗೋಡೆಯವರೆಗೆ ಬಾಗುತ್ತ ಬಾಗುತ್ತ ಹೋಗಿ, ಕಡೆಗೆ ಕಂಬಕ್ಕೋ ಅಜ್ಜಿಯ ತುಳಸೀಕಟ್ಟೆಗೋ ಮೂಗು ಕುಟ್ಟಿ ನಿಲ್ಲುವುದು. "ಅಜ್ಜಯ್ಯಾ, ಇದು ಹಾಳು ಲಾರಿ" ಎಂದು ಮಗುವು ತೀರ್ಪು ಹೇಳುವುದು. ವಾರದೊಳಗೆ ಅದು ಅಟ್ಟ ಸೇರುವುದು. ತಿಂಗಳೊಳಗೆ ಇನ್ನೊಂದನ್ನು ಕೊಳ್ಳುವ ಮಾತು ಬರುವುದು.

ಇಂಥ ಲಾರಿಗಳಲ್ಲಿ ಬಹುಪಾಲು ಹಾಳಾದವುಗಳಲ್ಲವೆಂಬುದೂ, ಒಂದು ಸ್ಕ್ರೂಡ್ರೈವರು, ಒಂದು ಸಣ್ಣ ಅರ, ಒಂದಿಷ್ಟು ನೂಲು ಮತ್ತು ಒಂದು ಸೀಮೆಸುಣ್ಣದ ತುಂಡು ಇದ್ದರೆ ಅವುಗಳ ತಿರುವನ್ನು ಗಣನೀಯವಾಗಿ ಕಿರಿದುಮಾಡಬಹುದೆಂಬುದೂ ಈ ಲೇಖನದ ಪ್ರತಿಪಾದ್ಯ. ಸಾವಿರಾರು ರೂಪಾಯಿ ಬೆಲೆಯ ವಸ್ತುವನ್ನು ಕಾರಣ ತಿಳಿಯದೆ ಮೂಲೆಗೆಸೆಯುವುದು ಗೃಹಸ್ಥರಿಗೆ ನಷ್ಟ. ಕಾರಣವನ್ನು ಹುಡುಕದೆಯೇ ಬಿಟ್ಟುಬಿಡುವ ಅಭ್ಯಾಸವು ಮಗುವಿಗೆ ಅದಕ್ಕಿಂತ ದೊಡ್ಡ ನಷ್ಟ.

ಆಜ್ಞೆಯು ಗಾಳಿಯಲ್ಲಿ ಹೇಗೆ ಹೋಗುವುದೆಂಬುದನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುವೆನು. ನಿಕೋಲಾ ಟೆಸ್ಲಾ ಎಂಬ ಮಹಾಶಿಲ್ಪಿಯು 1898ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಒಂದು ಚಿಕ್ಕ ದೋಣಿಯನ್ನು ತಂತಿಯ ಸಂಬಂಧವಿಲ್ಲದೆ ನೀರಿನಲ್ಲಿ ನಡೆಸಿ ತೋರಿಸಿದನು. ನಮ್ಮ ಮಕ್ಕಳ ಲಾರಿಯು ಆ ದೋಣಿಯ ವಂಶದ್ದೇ. ಇಂದಿನ ಉತ್ತಮ ಲಾರಿಗಳಲ್ಲಿ ಕೈಯಲ್ಲಿಯ ಪೆಟ್ಟಿಗೆಯಿಂದ ಸೆಕೆಂಡಿಗೆ ಸುಮಾರು 240 ಕೋಟಿ ಕಂಪನಗಳುಳ್ಳ ತರಂಗವು ಹೊರಡುವುದು. ಲಾರಿಯೊಳಗಿನ ಗ್ರಾಹಕವು ಅದನ್ನು ತಿಳಿದುಕೊಂಡು, ಸರ್ವೋ ಎಂಬ ಪುಟ್ಟ ಮೋಟಾರಿಗೆ ಸೆಕೆಂಡಿಗೆ 50 ಬಾರಿ ವಿದ್ಯುತ್ತಿನ ಮಿಡಿತವೊಂದನ್ನು ಕಳುಹಿಸುವುದು. ಆ ಮಿಡಿತವು ಒಂದೂವರೆ ಮಿಲಿಸೆಕೆಂಡಿನದಾದರೆ ಸರ್ವೋವಿನ ತೋಳು ನಡುವೆ ನಿಲ್ಲುವುದು. ಒಂದಕ್ಕೆ ಇಳಿದರೆ ಒಂದು ಬದಿಗೂ, ಎರಡಕ್ಕೆ ಏರಿದರೆ ಮತ್ತೊಂದು ಬದಿಗೂ ವಾಲುವುದು. ಅಗ್ಗದ ಲಾರಿಗಳಲ್ಲಿ ಸರ್ವೋವೇ ಇರುವುದಿಲ್ಲ. ಪೂರ್ತಿ ಎಡ, ಪೂರ್ತಿ ಬಲ, ನಡುವೆ ತಂದು ನಿಲ್ಲಿಸಲು ಒಂದು ಸ್ಪ್ರಿಂಗು, ಇಷ್ಟೇ ಅವುಗಳ ಸಂಪತ್ತು. ಆದರೆ ತಿರುವಿನ ದೋಷವು ಈ ಅದೃಶ್ಯ ತರಂಗಗಳಲ್ಲಿರುವುದು ಅಪೂರ್ವ. ಅದು ಗಾಲಿಗಳಲ್ಲಿ, ಅಚ್ಚುಗಳಲ್ಲಿ, ಕಣ್ಣಿಗೆ ಕಾಣುವ ಅಂಗಗಳಲ್ಲಿಯೇ ಇರುವುದು.

ವಾಹನವು ಗಾಲಿಗಳನ್ನು ಪೂರ್ತಿ ಓರೆಮಾಡಿ ಸುತ್ತತೊಡಗಿದರೆ ನೆಲದ ಮೇಲೆ ಒಂದು ವೃತ್ತವು ಏರ್ಪಡುವುದಷ್ಟೆ. ಆ ವೃತ್ತದ ತ್ರಿಜ್ಯವೇ ತಿರುವಿನ ತ್ರಿಜ್ಯ. ಈ ಶಬ್ದದ ವಿಷಯದಲ್ಲಿ ಒಂದು ಮಾತು ಹೇಳದಿರಲಾರೆನು. ಶಾಲೆಯ ಹುಡುಗರು ದಿನವೂ ಉಚ್ಚರಿಸುವ ಈ ಪದಕ್ಕೆ 'ಮೂರು ರಾಶಿಗಳ ಜ್ಯಾ' ಎಂಬುದೇ ಮೂಲಾರ್ಥ. ರಾಶಿಯೊಂದಕ್ಕೆ 30 ಅಂಶಗಳಂತೆ ಮೂರು ರಾಶಿಗೆ 90 ಅಂಶ. 90 ಅಂಶದ ಜ್ಯಾ ಎಂದರೆ ವೃತ್ತದ ಪೂರ್ಣ ತ್ರಿಜ್ಯವೇ. ಆರ್ಯಭಟನ ಜ್ಯಾಸಾಧನೆಯಲ್ಲಿ ಇದು 3438 ಕಲೆಗಳೆಂದು ಗಣನೆಗೆ ಬರುವುದು. ಈ 'ಜ್ಯಾ' ಶಬ್ದದ ಪರ್ಯಾಯವಾದ 'ಜೀವಾ' ಎಂಬುದೇ ಅರಬ್ಬರ ಬಾಯಲ್ಲಿ ರೂಪಾಂತರ ಹೊಂದಿ, ಲ್ಯಾಟಿನಿಗೆ ತಪ್ಪಾಗಿ ಅನುವಾದಗೊಂಡು, ಇಂದು 'ಸೈನ್' ಎಂಬ ವೇಷದಲ್ಲಿ ನಮ್ಮ ಮಕ್ಕಳ ಪಠ್ಯಕ್ಕೆ ಮರಳಿರುವುದು. ತವರಿನ ಮಗಳು ಪರದೇಶದ ಸೀರೆಯುಟ್ಟು ಬಂದರೆ ಗುರುತು ಹಿಡಿಯದಿರುವುದು ನಮ್ಮ ಕರ್ತವ್ಯವೇ?

ಪ್ರಕೃತಕ್ಕೆ ಬರೋಣ. ತಿರುವಿನ ತ್ರಿಜ್ಯವು ಮುಖ್ಯವಾಗಿ ಎರಡನ್ನು ಅವಲಂಬಿಸಿರುವುದು. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವಣ ಅಂತರವು ಒಂದು. ಮುಂದಿನ ಗಾಲಿಗಳು ಎಷ್ಟು ಓರೆಯಾಗಬಲ್ಲವೆಂಬ ಕೋನವು ಮತ್ತೊಂದು. ಅಂತರವನ್ನು ಆ ಕೋನದ ಸ್ಪರ್ಶಜ್ಯೆಯಿಂದ, ಎಂದರೆ ಮಕ್ಕಳು ಟ್ಯಾಂಜೆಂಟ್ ಎನ್ನುವ ಸಂಖ್ಯೆಯಿಂದ, ಭಾಗಿಸಿದರೆ ಹಿಂದಿನ ಅಚ್ಚಿನ ನಡುಬಿಂದುವು ಬರೆಯುವ ವೃತ್ತದ ತ್ರಿಜ್ಯವು ದೊರೆಯುವುದು. ಅಚ್ಚುಗಳ ಅಂತರ 30 ಸೆಂಟಿಮೀಟರು ಇರುವ ಲಾರಿಯನ್ನು ತೆಗೆದುಕೊಳ್ಳಿರಿ. ಗಾಲಿಯ ಓರೆ 25 ಡಿಗ್ರಿಯಿದ್ದರೆ ತ್ರಿಜ್ಯವು ಸುಮಾರು 64 ಸೆಂಟಿಮೀಟರು. ಓರೆಯನ್ನು 35 ಡಿಗ್ರಿಗೆ ಏರಿಸಿದರೆ 43 ಸೆಂಟಿಮೀಟರು. 45 ಡಿಗ್ರಿಗೆ ಏರಿಸಬಲ್ಲೆವಾದರೆ ಸರಿಯಾಗಿ 30. ಹತ್ತು ಡಿಗ್ರಿಯ ಅಲ್ಪ ಲಾಭದಿಂದ ತಿರುವಿನ ಮೂರನೆಯ ಒಂದು ಭಾಗವೇ ಉಳಿಯಿತು! ಅಂತರವನ್ನು ಕಿರಿದುಮಾಡಿದರೂ ಅದೇ ಪ್ರಮಾಣದಲ್ಲಿ ಲಾಭವುಂಟು. ಸೋಮೇಶ್ವರದಿಂದ ಆಗುಂಬೆಗೆ ಏರುವ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಉದ್ದದ ಬಸ್ಸುಗಳು ಹೋಗದೆ ಗಿಡ್ಡ ಬಸ್ಸುಗಳೇ ಓಡಾಡುವುದನ್ನು ಕಂಡವರಿಗೆ ಈ ಸೂತ್ರದ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ.

ಆದರೆ ಸೂತ್ರವು ಹೇಳುವುದು ಆದರ್ಶ ವಾಹನದ ಮಾತು. ನಮ್ಮ ಚಾವಡಿಯ ಲಾರಿಯು ಸೂತ್ರಕ್ಕಿಂತಲೂ ಅಗಲವಾಗಿ ತಿರುಗುವುದಕ್ಕೆ ಬೇರೊಂದು ಕಾರಣವಿದೆ. ಅದನ್ನು ತಿಳಿಯಲು ನಮ್ಮ ಹಳೆಯ ವಾಹನಗಳನ್ನು ಸ್ವಲ್ಪ ನೆನೆಯಬೇಕು.

ಎತ್ತಿನ ಗಾಡಿಗೆ ಇರುವುದು ಎರಡೇ ಗಾಲಿ. ಒಂದೊಂದೂ ಅಚ್ಚಿನ ಮೇಲೆ ತನ್ನಷ್ಟಕ್ಕೆ ತಾನು ಉರುಳುವುದು. ಎತ್ತುಗಳು ಬಲಕ್ಕೆ ಹೊರಳಿದರೆ ಬಲದ ಗಾಲಿಯು ಇದ್ದಲ್ಲಿಯೇ ನಿಂತು, ಎಡದ ಗಾಲಿಯು ಅದನ್ನು ಪ್ರದಕ್ಷಿಣೆ ಮಾಡಬಹುದು. ಆದುದರಿಂದಲೇ ಕಿರಿದಾದ ಗದ್ದೆಹುಣಿಯ ಮೂಲೆಯಲ್ಲಿಯೂ ಗಾಡಿಯನ್ನು ಹಿಂದಿರುಗಿಸಲು ಸಾಧ್ಯವಾಗುತ್ತಿತ್ತು. ನಾಲ್ಕು ಗಾಲಿಗಳ ತೇರಿನ ಕಥೆ ಬೇರೆ. ಉಡುಪಿಯ ರಥಬೀದಿಯಲ್ಲಿ ಮಕರ ಸಂಕ್ರಾಂತಿಯ ಮೂರು ತೇರಿನ ಉತ್ಸವವನ್ನು ನೋಡಿದವರು, ಮೂಲೆಯು ಬಂದೊಡನೆ ರಥದ ವೇಗವು ಹೇಗೆ ಕುಗ್ಗುವುದೆಂಬುದನ್ನು ಬಲ್ಲರು. ತೇರಿನ ಅಚ್ಚುಗಳು ಚೌಕಟ್ಟಿಗೆ ಬಿಗಿದಿರುವುವು. ಗಾಲಿಗಳು ಎಡಕ್ಕೂ ಬಲಕ್ಕೂ ಓರೆಯಾಗಲಾರವು. ಹಗ್ಗದವರು ಓರೆಯಾಗಿ ಎಳೆಯುವರು. ಬೆಣೆ ಹಿಡಿದ ಅನುಭವಿಗಳು ಗಾಲಿಯ ಅಡಿಗೆ ಮರದ ಗಟ್ಟೆಯನ್ನು ಸರಿಸಿ, ಅದರ ಮೇಲೆ ಗಾಲಿಯು ಜಾರಿ ಹೊರಳುವಂತೆ ಮಾಡುವರು. ಅಂಗುಲ ಅಂಗುಲವಾಗಿ ರಥವು ಮುಖ ತಿರುಗಿಸುವುದು. ಅಲ್ಲಿ ನಡೆಯುವುದು ಉರುಳುವಿಕೆಯಲ್ಲ, ಜಾರುವಿಕೆ. ನೂರಾರು ಜನರ ತೋಳ್ಬಲವಿರುವಲ್ಲಿ ಜಾರಿಸಬಹುದು. ಅಂಗೈಯಗಲದ ಬ್ಯಾಟರಿಯಿಂದ ಓಡುವ ಲಾರಿಗೆ ಆ ಬಲವೆಲ್ಲಿಂದ ಬರಬೇಕು?

ಯುರೋಪಿನ ಸಾರೋಟುಗಳಲ್ಲಿ ಮುಂದಿನ ಅಚ್ಚನ್ನೇ ನಡುವಣ ಒಂದು ಗೂಟದ ಮೇಲೆ ತಿರುಗಿಸುವ ಪದ್ಧತಿಯಿತ್ತು. ಅದರಿಂದ ತಿರುವು ಕಿರಿದಾಗುತ್ತಿತ್ತು. ಆದರೆ ಅಚ್ಚು ಪೂರ್ತಿ ಹೊರಳಿದಾಗ ಗಾಡಿಯ ಆಧಾರವು ಸಪೂರವಾಗಿ, ಮಗುಚುವ ಭಯವೂ ಇತ್ತು. 1817ರಲ್ಲಿ ಮ್ಯೂನಿಕ್ ನಗರದ ಗಾಡಿ ತಯಾರಕನಾದ ಗೇಓರ್ಗ್ ಲಾಂಕೆನ್‌ಸ್ಪೆರ್ಗರ್ ಎಂಬವನು ಅಚ್ಚನ್ನು ಅಲುಗಿಸದೆ, ಅದರ ಎರಡು ತುದಿಗಳಲ್ಲಿ ಗಾಲಿಗಳು ಮಾತ್ರ ಬೇರೆ ಬೇರೆಯಾಗಿ ಹೊರಳುವ ಉಪಾಯವನ್ನು ಕಂಡುಹಿಡಿದನು. ಮರುವರ್ಷ ರುಡಾಲ್ಫ್ ಆಕರ್ಮನ್ ಎಂಬವನು ಅವನ ಪರವಾಗಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದನು. ಲೋಕವು ಇಂದಿಗೂ ಅದನ್ನು ಆಕರ್ಮನ್ ವಿಧಾನವೆಂದೇ ಕರೆಯುತ್ತಿರುವುದು. ದುಡಿದವನು ಒಬ್ಬ, ಹೆಸರು ಪಡೆದವನು ಇನ್ನೊಬ್ಬ. ಈ ವಿಧಾನದ ಸಾರವಿಷ್ಟೆ: ತಿರುಗುವಾಗ ನಾಲ್ಕು ಗಾಲಿಗಳೂ ಒಂದೇ ಕೇಂದ್ರಬಿಂದುವನ್ನು ಸುತ್ತಬೇಕು. ಒಳಬದಿಯ ಗಾಲಿಯು ಆ ಕೇಂದ್ರಕ್ಕೆ ಹತ್ತಿರವಿರುವುದರಿಂದ ಅದು ಹೆಚ್ಚು ಓರೆಯಾಗಬೇಕು, ಹೊರಬದಿಯದು ಕಡಿಮೆ. ಮೇಲೆ ಹೇಳಿದ ಲಾರಿಗೆ ಎಡಬಲ ಗಾಲಿಗಳ ನಡುವೆ 20 ಸೆಂಟಿಮೀಟರು ಇದೆಯೆಂದೂ, ಅದು 43 ಸೆಂಟಿಮೀಟರು ತ್ರಿಜ್ಯದಲ್ಲಿ ತಿರುಗಬೇಕೆಂದೂ ಇಟ್ಟುಕೊಂಡರೆ, ಒಳಗಾಲಿಗೆ ಸುಮಾರು 42 ಡಿಗ್ರಿಯ ಓರೆಯೂ ಹೊರಗಾಲಿಗೆ ಸುಮಾರು 29 ಡಿಗ್ರಿಯ ಓರೆಯೂ ಬೇಕಾಗುವುದು. ಎರಡಕ್ಕೂ ಒಂದೇ ಓರೆ ಕೊಟ್ಟರೆ ಅವು ಎರಡು ಬೇರೆ ಕೇಂದ್ರಗಳನ್ನು ಅರಸುವುವು. ಒಂದು ಗಾಲಿಯು ಇನ್ನೊಂದರೊಡನೆ ಜಗಳಾಡಿ ನೆಲಕ್ಕೆ ಉಜ್ಜಿಕೊಳ್ಳುವುದು. ಲಾರಿಯು ಇಬ್ಬರು ಯಜಮಾನರ ಮನೆಯಂತೆ ಮುಂದಕ್ಕೇ ಸಾಗುವುದು.

ಇನ್ನು ಕೆಲಸಕ್ಕೆ ಕೈ ಹಾಕುವ ಕ್ರಮ. ಮೊತ್ತಮೊದಲು ಅಳೆಯತಕ್ಕದ್ದು. ಅಳೆಯದೆ ತಿದ್ದುವವನಿಗೆ ತಾನು ಸುಧಾರಿಸಿದೆನೋ ಕೆಡಿಸಿದೆನೋ ಎಂಬುದೇ ತಿಳಿಯದು. ಸಿಮೆಂಟಿನ ಅಂಗಳವನ್ನು ಗುಡಿಸಿ, ಲಾರಿಯ ಗಾಲಿಗಳನ್ನು ನೀರಿನಲ್ಲಿ ತೋಯಿಸಿ, ಪೂರ್ತಿ ಓರೆಯಲ್ಲಿ ನಿಧಾನವಾಗಿ ಒಂದು ಸುತ್ತು ನಡೆಸಬೇಕು. ಹೊರಗಾಲಿಯ ಒದ್ದೆಯ ಗೆರೆಯನ್ನು ಸೀಮೆಸುಣ್ಣದಿಂದ ಗುರುತಿಸಿ ವೃತ್ತದ ವ್ಯಾಸವನ್ನು ಅಳೆಯಬೇಕು. ಬಲಕ್ಕೊಮ್ಮೆ, ಎಡಕ್ಕೊಮ್ಮೆ. ವೇಗವಾಗಿ ಓಡಿಸಿದರೆ ಗಾಲಿಯು ಹೊರಕ್ಕೆ ಜಾರಿ ಅಳತೆ ಸುಳ್ಳಾಗುವುದು. ನಮ್ಮ ಮನೆಯ ಲಾರಿಯು ಬಲಕ್ಕೆ 148 ಸೆಂಟಿಮೀಟರು, ಎಡಕ್ಕೆ 172 ಸೆಂಟಿಮೀಟರು ತೋರಿಸಿತು. ಎರಡು ಬದಿಗೂ ಇಷ್ಟು ಭೇದವಿದ್ದರೆ ದೋಷವು ನಡುವಿನಲ್ಲಿದೆಯೆಂದೇ ತಿಳಿಯಬೇಕು: ಸರ್ವೋವಿನ ತೋಳನ್ನು ಕೂಡಿಸುವಾಗ ಒಂದು ಹಲ್ಲು ಆಚೀಚೆ ಆಗಿರುವುದು. ಪೆಟ್ಟಿಗೆಯ ಮೇಲಿನ ಸಣ್ಣ ಗುಂಡಿಯಿಂದ ಗಾಲಿಗಳನ್ನು ನೇರಮಾಡಿಕೊಂಡರೆ ಲಾರಿಯು ನೇರ ಹೋಗುವುದೇನೋ ನಿಜ, ಆದರೆ ಒಂದು ಬದಿಯ ಓರೆಯನ್ನು ಕದ್ದು ಇನ್ನೊಂದಕ್ಕೆ ಕೊಟ್ಟಂತಾಗುವುದು. ತೋಳಿನ ತಿರುಪನ್ನು ಬಿಚ್ಚಿ, ಸರ್ವೋವು ನಡುವೆ ನಿಂತಿರುವಾಗ ತೋಳನ್ನು ಲಂಬವಾಗಿ ಕೂಡಿಸಿ, ಉಳಿದ ಅಲ್ಪಭೇದವನ್ನು ಅಡ್ಡಸರಳಿನ ಉದ್ದದಲ್ಲಿ ಸರಿಪಡಿಸುವುದೇ ಸರಿಯಾದ ಮಾರ್ಗ. ಇಷ್ಟರಿಂದಲೇ ನಮ್ಮ ಲಾರಿಯ ಎಡದ ತಿರುವು ಬಲದ ಹತ್ತಿರಕ್ಕೆ ಬಂತು. ಕಾಸಿನ ಖರ್ಚಿಲ್ಲ.

ಅನಂತರ ಲಾರಿಯನ್ನು ಮಗುಚಿ ಹಿಡಿದು, ಗಾಲಿಗಳನ್ನು ಪೂರ್ತಿ ಓರೆಮಾಡಿ, ಅವನ್ನು ತಡೆಯುತ್ತಿರುವುದು ಯಾವುದೆಂದು ನೋಡಬೇಕು. ಏನೋ ಒಂದು ತಡೆಯುತ್ತಲೇ ಇರುವುದು. ಕೆಲವೆಡೆ ಗಾಲಿಯ ರಬ್ಬರು ಮೈಗೆ ತಗಲುವುದು. ಕೆಲವೆಡೆ ಗಾಲಿಯನ್ನು ಹಿಡಿದ ತಿರುಗುಣಿಯಲ್ಲಿ ಅಚ್ಚುಹಾಕುವಾಗಲೇ ಬಿಟ್ಟ ಪ್ಲಾಸ್ಟಿಕ್ಕಿನ ಮೊಳೆಯೊಂದು ಎದುರಾಗುವುದು. ಕೆಲವೆಡೆ ಯಾವುದೂ ತಗಲದೆ ಸರ್ವೋವೇ ತನ್ನ ಅವಧಿಯನ್ನು ಮುಗಿಸಿ ನಿಂತಿರುವುದು. ಮೈಗೆ ತಗಲುವುದಾದರೆ ಮೈಯನ್ನು ಕತ್ತರಿಸಬಹುದು, ಅಥವಾ ಸ್ವಲ್ಪ ಎತ್ತರಿಸಬಹುದು. ಪ್ಲಾಸ್ಟಿಕ್ಕಿನ ಮೊಳೆಯನ್ನು ಅರದಿಂದ ಉಜ್ಜಬೇಕು; ಒಮ್ಮೆಗೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಬೇಡ. ಉಜ್ಜಿದ್ದನ್ನು ಮರಳಿ ಅಂಟಿಸಲು ಬರುವುದಿಲ್ಲ. ಸರ್ವೋವಿನ ಅವಧಿಯೇ ಸಾಲದಿದ್ದರೆ ಉತ್ತಮ ಪೆಟ್ಟಿಗೆಗಳಲ್ಲಿ ಕಡೆಯ ಮಿತಿಯನ್ನು ಏರಿಸುವ ಏರ್ಪಾಡಿರುವುದು. ಅದಿಲ್ಲದಿದ್ದರೆ ತೋಳಿನಲ್ಲಿ ಕೇಂದ್ರದಿಂದ ದೂರವಿರುವ ರಂಧ್ರಕ್ಕೆ ಸರಳನ್ನು ಸಿಕ್ಕಿಸಿದರೂ ಓರೆ ಹೆಚ್ಚುವುದು. ಆದರೆ ತೋಳು ಉದ್ದವಾದಷ್ಟೂ ಬಲವು ಕುಗ್ಗುವುದೆಂಬುದನ್ನು ಮರೆಯಲಾಗದು. ಸರ್ವೋವಿನ ಬಲವನ್ನು ಕಿಲೋಗ್ರಾಂ-ಸೆಂಟಿಮೀಟರಿನಲ್ಲಿ ಹೇಳುವರು. 5 ಎಂದರೆ ಕೇಂದ್ರದಿಂದ ಒಂದು ಸೆಂಟಿಮೀಟರು ದೂರದಲ್ಲಿ 5 ಕಿಲೋ ಎತ್ತಬಲ್ಲುದು. ಎರಡು ಸೆಂಟಿಮೀಟರು ದೂರದಲ್ಲಿ ಎರಡೂವರೆ ಮಾತ್ರ. ಎರಡು ಮೂರು ಕಿಲೋ ತೂಗುವ ಲಾರಿಗೆ ಇಂಥ ದುರ್ಬಲ ಸರ್ವೋವಿದ್ದರೆ, ಕೈಯಲ್ಲೆತ್ತಿ ಹಿಡಿದಾಗ ಗಾಲಿಯು 35 ಡಿಗ್ರಿ ಓರೆಯಾಗಿ, ನೆಲಕ್ಕಿಟ್ಟೊಡನೆ 25ಕ್ಕೆ ಮರಳುವುದು. ಈ ಒಂದು ದೋಷಕ್ಕೆ ಮಾತ್ರ ಹಣ ವೆಚ್ಚಮಾಡಿ ಬಲವಾದ ಸರ್ವೋವನ್ನು ಕೊಳ್ಳಬೇಕಾಗುವುದು. ಹಾಗೆಯೇ ಗಾಲಿಯು ಮಿತಿಗೆ ಮುಟ್ಟಿದ ಮೇಲೂ ಸರ್ವೋವು ಗುಂಯ್ಗುಟ್ಟುತ್ತಿದ್ದರೆ ಮಿತಿಯನ್ನು ಒಂದಿಷ್ಟು ಇಳಿಸಬೇಕು. ಇಲ್ಲವಾದರೆ ಅದು ಬಿಸಿಯಾಗಿ ಸುಟ್ಟುಹೋಗುವುದು.

ನಾಲ್ಕು ಗಾಲಿಗಳಿಗೂ ಮೋಟಾರಿನ ಬಲವು ಹೋಗುವ ಲಾರಿಗಳಲ್ಲಿ ಮತ್ತೊಂದು ಎಲ್ಲೆಯಿದೆ. ಮುಂದಿನ ಗಾಲಿಗೆ ಬಲವನ್ನು ಒಯ್ಯುವ ದಂಡದ ಕೀಲು ಹೆಚ್ಚು ಬಾಗಿದರೆ ಅದು ಸಮವೇಗದಿಂದ ತಿರುಗಲಾರದು. ಸಾಧಾರಣ ಕೀಲು 45 ಡಿಗ್ರಿ ಬಾಗಿದಾಗ ಗಾಲಿಯ ವೇಗವು ಒಂದೊಂದು ಸುತ್ತಿನಲ್ಲಿಯೂ ಎರಡೆರಡು ಬಾರಿ 0.71ರಿಂದ 1.41 ಪಾಲಿನವರೆಗೆ ಏರಿಳಿಯುವುದು. ಲಾರಿಯು ತಿರುವಿನಲ್ಲಿ ಕಟಕಟನೆ ಕುಪ್ಪಳಿಸುವುದು ಇದರಿಂದಲೇ. ಹಿಂದಿನ ಗಾಲಿಗಳಿಗೆ ಮಾತ್ರ ಬಲವಿರುವ ಲಾರಿಗೆ ಈ ಕಂಟಕವಿಲ್ಲ. ಅದರ ಮುಂದಿನ ಗಾಲಿಯನ್ನು ಎಷ್ಟು ಬೇಕಾದರೂ ಓರೆಮಾಡಬಹುದು.

ಆಕರ್ಮನ್ನನ ಪರೀಕ್ಷೆಗೆ ನೂಲು ಬೇಕು. ಗಾಲಿಗಳು ನೇರವಾಗಿರುವಾಗ ಲಾರಿಯನ್ನು ಮಗುಚಿ, ಗಾಲಿಯು ಹೊರಳುವ ಗೂಟದಿಂದ ಅಡ್ಡಸರಳಿನ ಕೀಲಿನವರೆಗೆ ನೂಲು ಹಿಡಿದು ಅದೇ ರೇಖೆಯನ್ನು ಹಿಂದಕ್ಕೆ ಎಳೆಯಿರಿ. ಎರಡು ಬದಿಯ ನೂಲುಗಳೂ ಹಿಂದಿನ ಅಚ್ಚಿನ ನಡುವಿಗೆ ಸಮೀಪದಲ್ಲಿ ಕೂಡಿದರೆ ಒಳಗಾಲಿಯು ಬೇಕಾದಷ್ಟು ಹೆಚ್ಚು ಓರೆಯಾಗುವುದು. ನೂಲುಗಳು ಸಮಾನಾಂತರವಾಗಿದ್ದರೆ ಎರಡು ಗಾಲಿಗೂ ಒಂದೇ ಓರೆಯೆಂದು ತಿಳಿಯಿರಿ. ಕೆಲವು ಲಾರಿಗಳಲ್ಲಿ ಸರಳನ್ನು ಸಿಕ್ಕಿಸಲು ಎರಡು ಮೂರು ರಂಧ್ರಗಳಿರುವುವು. ಒಳಬದಿಯ ರಂಧ್ರವನ್ನು ಆರಿಸಿದರೆ ಅರ್ಧ ಜಗಳವು ತೀರುವುದು.

ಉಳಿದ ಅರ್ಧವು ಹಿಂದಿನ ಅಚ್ಚಿನಲ್ಲಿರುವುದು. ಅನೇಕರು ಮುಂದಿನ ಗಾಲಿಗಳನ್ನೇ ತಿದ್ದುತ್ತಿದ್ದು, ನಿಜವಾದ ಕಳ್ಳನು ಹಿಂಬಾಗಿಲಿನಲ್ಲಿರುವುದನ್ನು ನೋಡುವುದಿಲ್ಲ. 43 ಸೆಂಟಿಮೀಟರಿನ ತಿರುವಿನಲ್ಲಿ ಹಿಂದಿನ ಒಳಗಾಲಿಯ ದಾರಿಗೆ 33 ಸೆಂಟಿಮೀಟರು ತ್ರಿಜ್ಯ, ಹೊರಗಾಲಿಯ ದಾರಿಗೆ 53. ಆದುದರಿಂದ ಒಂದು ಒಂದು ಸುತ್ತು ಉರುಳುವಷ್ಟರಲ್ಲಿ ಮತ್ತೊಂದು ಒಂದೂವರೆ ಸುತ್ತಿಗೂ ಮಿಕ್ಕಿ ಉರುಳಬೇಕು. ಎತ್ತಿನ ಗಾಡಿಯಲ್ಲಿ ಇದಕ್ಕೆ ತೊಡಕಿಲ್ಲವೆಂಬುದನ್ನು ಆಗಲೇ ಕಂಡೆವು. ಮೋಟಾರು ವಾಹನದಲ್ಲಿ ಎರಡಕ್ಕೂ ಬಲವನ್ನು ಕೊಡುತ್ತಲೇ ಈ ಭೇದಕ್ಕೂ ಅವಕಾಶವೀಯುವ ಹಲ್ಲುಗಾಲಿಗಳ ಗುಂಪಿಗೆ ಡಿಫರೆನ್ಷಿಯಲ್ ಎಂದು ಹೆಸರು. ಕಲ್ಲುಬಂಡೆ ಏರುವುದಕ್ಕೆಂದು ಮಾಡಿದ ಹಲವು ಆಟದ ಲಾರಿಗಳಲ್ಲಿ ಇದು ಇರುವುದಿಲ್ಲ. ಎರಡು ಗಾಲಿಗಳನ್ನೂ ಒಂದೇ ದಂಡಕ್ಕೆ ಬಿಗಿದಿರುವರು. ಒಂದು ಗಾಲಿಯು ಗಾಳಿಯಲ್ಲಿ ತೇಲಿದರೂ ಇನ್ನೊಂದಕ್ಕೆ ಬಲವು ತಪ್ಪಬಾರದೆಂಬುದು ಉದ್ದೇಶ. ಕಲ್ಲಿನ ಮೇಲೆಯೂ ನಮ್ಮ ಕಡಲತೀರದ ಸಡಿಲ ಮರಳಿನ ಮೇಲೆಯೂ ಇದು ಗುಣವೇ ಸರಿ. ಆದರೆ ಅದೇ ಲಾರಿಯನ್ನು ನುಣುಪಾದ ಕೆಂಪು ನೆಲಕ್ಕೆ ತಂದರೆ ಹಿಂದಿನ ಗಾಲಿಗಳೆರಡೂ ಒಂದೇ ವೇಗದಿಂದ ಉರುಳುವ ಹಟದಿಂದ ಲಾರಿಯನ್ನು ನೇರಕ್ಕೇ ನೂಕುವುವು. ಮುಂದಿನ ಗಾಲಿಗಳು ಎಷ್ಟೇ ಓರೆಯಾಗಿದ್ದರೂ ರಥದಂತೆ ಜಾರುತ್ತ ಹೋಗುವುವು.

ಇದಕ್ಕೆ ಪರಿಹಾರವು ಹಲವು. ಬಿಗಿದ ಅಚ್ಚನ್ನು ಬೇಕೆಂದಾಗ ಬಿಡಿಸಿಕೊಳ್ಳುವ ಏರ್ಪಾಡಿರುವ ಲಾರಿಗಳುಂಟು. ನೆಲದ ಮೇಲೆ ಆಡುವಾಗ ಕಡೆಯಪಕ್ಷ ಹಿಂದಿನ ಅಚ್ಚನ್ನಾದರೂ ಬಿಡಿಸಿಡಬೇಕು. ಇನ್ನೊಂದು ಉಪಾಯವು ಸೂಕ್ಷ್ಮವಾದದ್ದು: ಮುಂದಿನ ಅಚ್ಚಿನ ಹಲ್ಲುಗಾಲಿಗಳನ್ನು ಬದಲಿಸಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ತುಸು ವೇಗವಾಗಿ ತಿರುಗುವಂತೆ ಮಾಡುವುದು. ಆಗ ಹಿಂದಿನದು ನೂಕುವ ಬದಲು ಮುಂದಿನದು ಎಳೆಯುವುದು. ಎಳೆದತ್ತ ಲಾರಿಯು ಹೊರಳುವುದು. ತೂಕವನ್ನು ಮುಂದಕ್ಕೆ ತರುವುದು ಎಲ್ಲಕ್ಕಿಂತ ಸುಲಭ. ಬ್ಯಾಟರಿಯು ಹಿಂದೆಯಿದ್ದರೆ ಮುಂದಿನ ಗಾಲಿಗಳು ಹಗುರಾಗಿ, ನೆಲವನ್ನು ಹಿಡಿಯಲಾರದೆ ಜಾರುವುವು. ಅದನ್ನು ಮುಂದಿನ ಅಚ್ಚಿನ ಮೇಲಕ್ಕೆ ಸ್ಥಳಾಂತರಿಸಿದರೆ ಅದೇ ಗಾಲಿ, ಅದೇ ಓರೆ, ಆದರೂ ತಿರುವು ಕಿರಿದು. ನಮ್ಮ ಲಾರಿಯ ಮೊಳೆಯನ್ನು ಉಜ್ಜಿ, ರಂಧ್ರ ಬದಲಿಸಿ, ಬ್ಯಾಟರಿಯನ್ನು ಮುಂದಕ್ಕೆ ಕಟ್ಟಿದ ಮೇಲೆ ಅಳತೆಯು ಎರಡೂ ಬದಿಗೆ 112 ಸೆಂಟಿಮೀಟರಿಗೆ ಇಳಿಯಿತು. ಮರಳಿನಲ್ಲಿ ಆಡಿಸಿದವರು ಮಾತ್ರ ಮನೆಗೆ ಬಂದೊಡನೆ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರಸಿ, ಒಣಗಿಸಿ, ತಿರುಗುಣಿಗಳಿಗೆ ಒಂದು ತೊಟ್ಟು ಎಣ್ಣೆ ಬಿಡಬೇಕು. ಕಡಲ ಗಾಳಿಯು ತಿರುಪುಗಳನ್ನು ತಿನ್ನುವ ವೇಗವನ್ನು ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಆರು ಗಾಲಿಯ ಲಾರಿಗಳಲ್ಲಿ ಹಿಂದೆ ಎರಡು ಅಚ್ಚುಗಳಿರುವುವಷ್ಟೆ. ಓರೆಯಾಗಲಾರದ ಎರಡು ಅಚ್ಚುಗಳು ಒಂದೇ ಕೇಂದ್ರವನ್ನು ಸುತ್ತುವುದು ಅಶಕ್ಯ. ಎರಡೂ ಸ್ವಲ್ಪ ಸ್ವಲ್ಪ ಜಾರಲೇಬೇಕು. ಕಡೆಯ ಅಚ್ಚನ್ನು ಕೂದಲೆಳೆಯಷ್ಟು ಎತ್ತರಿಸಿ, ಭಾರವು ನಡುವಣ ಅಚ್ಚಿನ ಮೇಲೆಯೇ ಬೀಳುವಂತೆ ಮಾಡಿದರೆ ಅಚ್ಚುಗಳ ಅಂತರವೂ ಕಿರಿದಾದಂತಾಗಿ ಎರಡು ಲಾಭ.

ಇಂಥ ಲಾರಿಗೆ ಹಿಂದೊಂದು ಟ್ರೇಲರನ್ನು ಕಟ್ಟಿದಾಗ ಮಾತ್ರ ವಿಷಯವು ಆಟವನ್ನು ಮೀರುವುದು. ಇಲ್ಲಿ ವಾಚಕರು ಒಂದು ಗಳಿಗೆ ನಿಲ್ಲಬೇಕೆಂದು ಪ್ರಾರ್ಥನೆ. ಟ್ರೇಲರಿನ ಗಾಲಿಗಳು ಮುಂದಿನ ಲಾರಿಯ ಜಾಡಿನಲ್ಲಿ ಬರುವುದಿಲ್ಲ; ಒಳಕ್ಕೆ ಕತ್ತರಿಸಿಕೊಂಡು ಬರುವುವು. ಕೊಕ್ಕೆಯು 100 ಸೆಂಟಿಮೀಟರು ತ್ರಿಜ್ಯದಲ್ಲಿ ಸುತ್ತುತ್ತಿದ್ದು, ಕೊಕ್ಕೆಯಿಂದ ಟ್ರೇಲರಿನ ಅಚ್ಚಿಗೆ 60 ಸೆಂಟಿಮೀಟರು ಇದ್ದರೆ, ಕರ್ಣದ ವರ್ಗದಿಂದ ಭುಜದ ವರ್ಗವನ್ನು ಕಳೆದು ಮೂಲ ತೆಗೆದಾಗ ಬರುವುದು 80. ಎಂದರೆ ಟ್ರೇಲರು 20 ಸೆಂಟಿಮೀಟರು ಒಳಗೆ ಬರುವುದು. ಅದೇ ಲೆಕ್ಕವನ್ನು ದೊಡ್ಡ ಲಾರಿಗೆ ಹಚ್ಚಿರಿ. ಕೊಕ್ಕೆಯ ತ್ರಿಜ್ಯ 12 ಮೀಟರು, ಟ್ರೇಲರು 9 ಮೀಟರು. ಉತ್ತರವು 8 ಮೀಟರಿಗೆ ಸಮೀಪ. ಪೂರ್ಣ ವೃತ್ತವನ್ನು ಸುತ್ತಿದರೆ ಹಿಂದಿನ ಗಾಲಿಗಳು 4 ಮೀಟರು ಒಳಕ್ಕೆ ಸರಿಯುವುವು. ರಸ್ತೆ ಕೂಡುವಲ್ಲಿಯ ಕಾಲುವೃತ್ತದಲ್ಲಿ ಇದು ಕಡಿಮೆಯಾದರೂ, ಒಬ್ಬ ಬಾಲಕನೂ ಅವನ ಸೈಕಲೂ ನಿಲ್ಲುವ ಸ್ಥಳವನ್ನು ನುಂಗಲು ಅಷ್ಟೇ ಸಾಕು.

ನಮ್ಮ ಪಡುಬಿದ್ರಿಯಲ್ಲಿ ಕಾರ್ಕಳದ ರಸ್ತೆಯು ರಾಷ್ಟ್ರೀಯ ಹೆದ್ದಾರಿ 66ನ್ನು ಬಂದು ಸೇರುವುದು. ಸರಕಿನ ಉದ್ದ ಲಾರಿಗಳು ಅಲ್ಲಿ ಹೊರಳುವಾಗ ಮೂತಿಯು ಹೊರಕ್ಕೆ ಹೋಗುವುದನ್ನು ಕಂಡು, ಒಳಬದಿಯಲ್ಲಿ ಸ್ಥಳವಿದೆಯೆಂದು ನುಗ್ಗುವ ಸೈಕಲಿನವರನ್ನು ನಾನು ಎಷ್ಟೋ ಬಾರಿ ನೋಡಿ ಎದೆ ಝಲ್ಲೆಂದದ್ದುಂಟು. ಆ ಸ್ಥಳವು ಖಾಲಿಯಲ್ಲ. ಇನ್ನು ನಾಲ್ಕು ಕ್ಷಣಗಳಲ್ಲಿ ಅಲ್ಲಿಗೆ ಹಿಂದಿನ ಗಾಲಿಗಳು ಬರತಕ್ಕವು. ಇದನ್ನು ಮಗುವಿಗೆ ಎಷ್ಟು ಸಾರಿ ಬಾಯಲ್ಲಿ ಹೇಳಿದರೂ ನಾಟದು. ಆಟದ ಲಾರಿಗೆ ಟ್ರೇಲರನ್ನು ಕಟ್ಟಿ, ಅಂಗಳದಲ್ಲಿ ಸೀಮೆಸುಣ್ಣದಿಂದ ಒಂದು ರಸ್ತೆಯ ಮೂಲೆಯನ್ನು ಬರೆದು, ಒಳಬದಿಯಲ್ಲಿ ಒಂದು ಖಾಲಿ ಬೆಂಕಿಪೊಟ್ಟಣವನ್ನು ನಿಲ್ಲಿಸಿ ಲಾರಿಯನ್ನು ತಿರುಗಿಸಲು ಹೇಳಿರಿ. ಲಾರಿಯ ಮುಂಭಾಗವು ಪೊಟ್ಟಣವನ್ನು ಮುಟ್ಟದೆ ಹೋಗುವುದು. ಟ್ರೇಲರಿನ ಗಾಲಿಯು ಅದನ್ನು ಅಪ್ಪಚ್ಚಿಮಾಡುವುದು. ಮಗುವು ಎರಡನೆಯ ಬಾರಿ ತಾನಾಗಿಯೇ ಪೊಟ್ಟಣವನ್ನು ಹಿಂದಕ್ಕೆ ಸರಿಸಿಡುವುದು.

ಟ್ರೇಲರಿನ ಈ ಒಳಸರಿತಕ್ಕೆ ಪರಿಹಾರವು ಹಿಂದಿನ ಗಾಲಿಗಳನ್ನೂ ತಿರುಗಿಸುವುದು. ಇದನ್ನು ಮನಸ್ಸಿಗೆ ತರಲು ನಮ್ಮ ಊರಿನವರಿಗೆ ಒಳ್ಳೆಯ ದೃಷ್ಟಾಂತವಿದೆ. ಪಡುಬಿದ್ರಿಯ ಸುಜ್ಲಾನ್ ಕಾರ್ಖಾನೆಯಲ್ಲಿ ಗಾಳಿಯಂತ್ರಗಳ ರೆಕ್ಕೆಗಳು ತಯಾರಾದುವು. ಇಂಥ ರೆಕ್ಕೆಯು 40 ಮೀಟರಿಗೂ ಮಿಕ್ಕಿ ಉದ್ದವಿರುವುದುಂಟು. ಮಡಿಸುವುದಕ್ಕಾಗಲಿ ತುಂಡರಿಸುವುದಕ್ಕಾಗಲಿ ಬರುವಂಥದಲ್ಲ. ಅಷ್ಟುದ್ದದ ವಸ್ತುವನ್ನು ಮೂಲೆಗಳಲ್ಲಿ ಹೊರಳಿಸಲು ಹಿಂಬದಿಯ ಅಚ್ಚುಗಳನ್ನೂ ಬೇರೆಯಾಗಿ ಓರೆಮಾಡುವ ವಾಹನಗಳನ್ನು ಲೋಕದಲ್ಲಿ ನಿರ್ಮಿಸಿರುವರು. ಅವುಗಳಲ್ಲಿ ಕೆಲವನ್ನು ತಿರುಗಿಸುವಾಗ ಒಬ್ಬನು ಕೈಯಲ್ಲಿ ರೇಡಿಯೋ ಪೆಟ್ಟಿಗೆಯನ್ನು ಹಿಡಿದು, ವಾಹನದ ಬಾಲದ ಪಕ್ಕದಲ್ಲಿಯೇ ನಡೆಯುತ್ತ, ಹಿಂದಿನ ಗಾಲಿಗಳನ್ನು ನಡೆಸುವನು. ಮುಂದೆ ಒಬ್ಬ ಸಾರಥಿ, ಹಿಂದೆ ಮತ್ತೊಬ್ಬ. ನಮ್ಮ ಮಕ್ಕಳ ಆಟವನ್ನು ದೊಡ್ಡವರು ಸಂಬಳ ಪಡೆದು ಆಡುತ್ತಿರುವರೆಂದರೆ ಅತಿಶಯೋಕ್ತಿಯಾಗದು.

ಆಟದ ಲಾರಿಗೂ ಇದೇ ಉಪಾಯವನ್ನು ಹಚ್ಚಬಹುದು. ಹಿಂದಿನ ಗಾಲಿಗಳನ್ನು ಮುಂದಿನವುಗಳಿಗೆ ವಿರುದ್ಧವಾಗಿ ಅಷ್ಟೇ ಓರೆಮಾಡಿದರೆ ತ್ರಿಜ್ಯವು ಸರಿಯಾಗಿ ಅರ್ಧಕ್ಕೆ ಇಳಿಯುವುದು: 25 ಡಿಗ್ರಿಯಲ್ಲಿ 64 ಸೆಂಟಿಮೀಟರಿದ್ದುದು 32 ಆಗುವುದು. ಅದಕ್ಕೆ ಎರಡನೆಯ ಸರ್ವೋವೂ, ತಿರುಗಬಲ್ಲ ಹಿಂದಿನ ಅಚ್ಚೂ, ಹೆಚ್ಚಿನ ಗುಂಡಿಯುಳ್ಳ ಪೆಟ್ಟಿಗೆಯೂ ಬೇಕು. ಆದುದರಿಂದ ಮೇಲೆ ಹೇಳಿದ ಖರ್ಚಿಲ್ಲದ ಕೆಲಸಗಳೆಲ್ಲ ಮುಗಿದ ಮೇಲೆಯೇ ಈ ಯೋಚನೆಗೆ ಕೈ ಹಾಕುವುದು ಲೇಸು. ಹಿಂದಿನ ಗಾಲಿಗಳು ಓರೆಯಾಗುವ ಲಾರಿಯ ಬಾಲವು ತಿರುವಿನ ಹೊರಬದಿಗೆ ಬೀಸುವುದು. ಗೋಡೆಗೆ ಒತ್ತಿ ನಿಲ್ಲಿಸಿದ ಅಂಥ ಲಾರಿಯನ್ನು ಹೊರಡಿಸುವಾಗ ಮೊದಲು ಎರಡು ಗೇಣು ನೇರವಾಗಿ ಬಿಟ್ಟು, ಅನಂತರ ಹಿಂದಿನ ಗುಂಡಿಯನ್ನು ಒತ್ತಬೇಕು. ಇಲ್ಲವಾದರೆ ಮೂಗಿನ ಬದಲು ಬಾಲವು ತುಳಸೀಕಟ್ಟೆಗೆ ಬಡಿಯುವುದು.